ಎಣಿಕೆಗೆ ಬಾರದವರ ಪಾಲು



ಹವಾಮಾನ ಬದಲಾಗುತ್ತಿದೆ ಎಂಬ ಮಾತನ್ನು ಈಗ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಬಿತ್ತುವ ಹೊತ್ತಿಗೆ ಮಳೆ ಇರುವುದಿಲ್ಲ, ಕೊಯ್ಯುವ ಹೊತ್ತಿಗೆ ಸುರಿಯುತ್ತದೆ. ಬೇಸಿಗೆ ವರ್ಷದಿಂದ ವರ್ಷಕ್ಕೆ ಬಿರುಸಾಗುತ್ತಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಡುವುದನ್ನು ಕಡಿಮೆ ಮಾಡಬೇಕು. ಬಿಸಿಲಿನಿಂದ, ಗಾಳಿಯಿಂದ ಕರೆಂಟು ತೆಗೆಯಬೇಕು. ಇದಕ್ಕಾಗಿ ದೇಶ ದೇಶಗಳಲ್ಲಿ ಜನರ ತೆರಿಗೆ ಹಣ ದೊಡ್ಡ ಮೊತ್ತದಲ್ಲಿ ಖರ್ಚಾಗುತ್ತಿದೆ.

ಇವತ್ತು ನಿಮ್ಮ ಮುಂದೆ ನಾನು ಇಡುವುದು ಒಂದೇ ಪ್ರಶ್ನೆ. ಆ ಹಣ ಯಾರ ಮನೆಬಾಗಿಲಿಗೆ ತಲುಪುತ್ತದೆ? ಹೊಗೆ ಕುಡಿದು ಬದುಕಿದವರಿಗೋ? ಬಿಸಿಲಲ್ಲಿ ಬೆಂದವರಿಗೋ? ಇಲ್ಲವೇ ಮೊದಲೇ ಅನುಕೂಲವಂತರಾಗಿ ಇರುವವರಿಗೋ? ಕಷ್ಟದಲ್ಲಿರುವವರಿಗೆ ಅದು ತಲುಪಬೇಕಾದರೆ ಅವರು ಯಾರು, ಎಲ್ಲಿದ್ದಾರೆ ಎಂಬುದು ಸರ್ಕಾರಕ್ಕೆ ಮೊದಲು ಗೊತ್ತಿರಬೇಕು. ಅವರನ್ನು ಗುರುತಿಸಬೇಕು, ಎಣಿಸಬೇಕು, ಪಟ್ಟಿಗೆ ಸೇರಿಸಬೇಕು. ಈ ಕೆಲಸ ಹೇಗೆ ನಡೆಯುತ್ತದೆ, ಹೇಗೆ ನಡೆಯಬೇಕು ಎಂಬುದೇ ಇಂದಿನ ಮಾತು.

ಮೊದಲಿಗೆ, ಗುರುತಿಸದೇ ಹೋದರೆ ಏನಾಗುತ್ತದೆ ನೋಡೋಣ.

ಅಮೆರಿಕದ ಒಂದು ಲೆಕ್ಕ ಹೇಳುತ್ತೇನೆ. ಮನೆಯ ಮೇಲೆ ಸೌರಫಲಕ ಹಾಕಿಸಿದವರಿಗೆ, ಮನೆಯೊಳಗಿನ ಬಿಸಿ ಹೊರಗೆ ಹೋಗದಂತೆ ಕಿಟಕಿ ಗೋಡೆ ಭದ್ರ ಮಾಡಿಸಿದವರಿಗೆ, ಬ್ಯಾಟರಿ ಕಾರು ಕೊಂಡವರಿಗೆ ಅಲ್ಲಿನ ಸರ್ಕಾರ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತು. ಸೆವೆರಿನ್ ಬೊರೆನ್‌ಸ್ಟೈನ್ ಮತ್ತು ಲ್ಯೂಕಸ್ ಡೇವಿಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದರ ಲೆಕ್ಕ ತೆಗೆದರು. 2006ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 1,800 ಕೋಟಿ ಡಾಲರ್ ರಿಯಾಯಿತಿ ಹಂಚಿಕೆಯಾಗಿತ್ತು. ಜನರನ್ನು ಆದಾಯದ ಪ್ರಕಾರ ಐದು ಪಾಲು ಮಾಡಿದರೆ, ಎಲ್ಲರಿಗಿಂತ ಮೇಲಿನ ಒಂದು ಪಾಲಿನವರಿಗೆ ಆ ಹಣದಲ್ಲಿ ಶೇಕಡಾ 60ರಷ್ಟು ಸಿಕ್ಕಿತ್ತು. ಕೆಳಗಿನ ಮೂರು ಪಾಲಿನವರಿಗೆ, ಅಂದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ, ಸಿಕ್ಕಿದ್ದು ಶೇಕಡಾ 10ರಷ್ಟು. ಬ್ಯಾಟರಿ ಕಾರಿನ ರಿಯಾಯಿತಿಯಲ್ಲಂತೂ ಶೇಕಡಾ 90ರಷ್ಟು ಮೇಲಿನ ಪಾಲಿನವರಿಗೇ ಹೋಯಿತು.

ಇದರಲ್ಲಿ ಕಳ್ಳತನವಿಲ್ಲ, ಮೋಸವಿಲ್ಲ. ನಿಯಮ ಎಲ್ಲರಿಗೂ ಒಂದೇ ಆಗಿತ್ತು. ಆದರೆ ಸೌರಫಲಕ ಹಾಕಿಸಲು ಸ್ವಂತ ಮನೆ ಬೇಕು. ಕಾರು ಕೊಳ್ಳಲು ಕೈಯಲ್ಲಿ ಹಣ ಬೇಕು. ತೆರಿಗೆ ರಿಯಾಯಿತಿ ಪಡೆಯಲು ತೆರಿಗೆ ಕಟ್ಟುವಷ್ಟು ಸಂಪಾದನೆ ಬೇಕು. ಬಾಡಿಗೆ ಮನೆಯವರು, ದಿನಗೂಲಿಯವರು ಬಾಗಿಲಲ್ಲೇ ನಿಂತರು.

ಕೇಳುಗರೇ, ನಮ್ಮಲ್ಲೂ ಹೀಗೆ ಆಗಬಹುದು. 2024ರಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆ ತಂದಿತು. ಮನೆಯ ತಾರಸಿಯ ಮೇಲೆ 3 ಕಿಲೋವಾಟ್ ಸೌರಫಲಕ ಹಾಕಿಸಿದರೆ 78,000 ರೂಪಾಯಿ ಸಹಾಯಧನ. ಒಳ್ಳೆಯ ಯೋಜನೆ. ಆದರೆ ತಾರಸಿ ಸ್ವಂತದ್ದಾಗಿರಬೇಕು. ಸೋಲಾರ್ ಪಂಪ್‌ಸೆಟ್ಟಿಗೆ ಸಹಾಯಧನ ಇದೆ. ಅದಕ್ಕೆ ಜಮೀನು ಇರಬೇಕು. ಸೂರಿದ್ದವರಿಗೆ ಒಂದು, ಹೊಲ ಇದ್ದವರಿಗೆ ಒಂದು. ಎರಡೂ ಇಲ್ಲದವರಿಗೆ ಏನು? ಅವರನ್ನು ಹುಡುಕಿಕೊಂಡು ಹೋಗುವ ನಿಯಮವನ್ನು ಬೇರೆಯಾಗಿಯೇ ಮಾಡಬೇಕಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಎಲ್ಲರಿಗೂ ಒಂದೇ ನಿಯಮ ಎಂದು ಸುಮ್ಮನೆ ಬಿಟ್ಟರೆ, ಇದ್ದವರ ಕಡೆಗೇ ಹಣ ಹರಿಯುತ್ತದೆ. ಈಗ ಇನ್ನೊಂದು ಕಡೆ ನೋಡೋಣ. ಅನುಕೂಲ ಹಂಚಿಹೋದದ್ದು ಹೀಗಾದರೆ, ಹೊಗೆ ಮತ್ತು ಕಸ ಹಂಚಿಹೋದದ್ದು ಹೇಗೆ?

ಇದಕ್ಕೆ ನಾವು 1982ನೇ ಇಸವಿಗೆ ಹೋಗಬೇಕು. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ವಾರೆನ್ ಕೌಂಟಿ ಎಂಬ ಸೀಮೆ ಇದೆ. ಬೇಸಾಯದ ಊರುಗಳು. ಬಡವರು. ಹೆಚ್ಚಿನವರು ಕಪ್ಪು ಜನಾಂಗದವರು. ಅದಕ್ಕೆ ನಾಲ್ಕು ವರ್ಷ ಮೊದಲು ಯಾರೋ ರಾತ್ರಿ ಹೊತ್ತು ಲಾರಿಯಲ್ಲಿ ಬಂದು ವಿಷಕಾರಿ ಎಣ್ಣೆಯನ್ನು ಆ ರಾಜ್ಯದ ರಸ್ತೆಗಳ ಬದಿಯಲ್ಲಿ ಸುರಿದು ಹೋಗಿದ್ದರು. ಸುಮಾರು 400 ಕಿಲೋಮೀಟರು ಉದ್ದಕ್ಕೆ ಮಣ್ಣು ಕೆಟ್ಟಿತ್ತು. ಆ ಮಣ್ಣನ್ನೆಲ್ಲ ಕೆರೆದು ತಂದು ವಾರೆನ್ ಕೌಂಟಿಯಲ್ಲಿ ಹೂಳಲು ಸರ್ಕಾರ ತೀರ್ಮಾನಿಸಿತು.

ಜನ ಬೇಡವೆಂದರು. ಅಲ್ಲಿ ಅಂತರ್ಜಲ ಹೆಚ್ಚು ಆಳದಲ್ಲಿರಲಿಲ್ಲ. ಕುಡಿಯುವ ನೀರಿಗೆ ಬಾವಿಗಳೇ ಗತಿ. ಆದರೂ ಲಾರಿಗಳು ಬಂದವು. ಆಗ ಗಂಡಸರು, ಹೆಂಗಸರು, ಮಕ್ಕಳು ಲಾರಿಗಳ ಮುಂದೆ ರಸ್ತೆಯಲ್ಲಿ ಅಡ್ಡ ಮಲಗಿದರು. ಆರು ವಾರ ಚಳವಳಿ ನಡೆಯಿತು. 500ಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಲಾರಿಗಳು ನಿಲ್ಲಲಿಲ್ಲ. ಮಣ್ಣು ಅಲ್ಲೇ ಹೂಳಲ್ಪಟ್ಟಿತು. ಚಳವಳಿ ಆ ದಿನ ಸೋತಿತು. ಆದರೆ ಅದು ಎತ್ತಿದ ಪ್ರಶ್ನೆ ದೇಶವನ್ನೆಲ್ಲ ಮುಟ್ಟಿತು. ಇಂಥ ಕಸ ಯಾವಾಗಲೂ ನಮ್ಮ ಊರಿಗೇ ಏಕೆ ಬರುತ್ತದೆ?

ಮರು ವರ್ಷವೇ, 1983ರಲ್ಲಿ, ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಆಗ್ನೇಯ ರಾಜ್ಯಗಳಲ್ಲಿ ತನಿಖೆ ಮಾಡಿತು. ವಿಷತ್ಯಾಜ್ಯ ಹೂಳುವ ನಾಲ್ಕು ದೊಡ್ಡ ಜಾಗಗಳಲ್ಲಿ ಮೂರು ಕಪ್ಪು ಜನರೇ ಹೆಚ್ಚಾಗಿರುವ ಊರುಗಳಲ್ಲಿದ್ದವು. 1987ರಲ್ಲಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಎಂಬ ಸಂಸ್ಥೆ ಇಡೀ ದೇಶದ ಅಧ್ಯಯನ ಹೊರತಂದಿತು. ವಿಷತ್ಯಾಜ್ಯದ ಜಾಗ ಎಲ್ಲಿ ಇರುತ್ತದೆ ಎಂಬುದಕ್ಕೆ ಬಡತನಕ್ಕಿಂತಲೂ ಜನಾಂಗವೇ ಹೆಚ್ಚು ಸರಿಯಾದ ಸುಳಿವು ಎಂದು ಅದು ತೋರಿಸಿತು.

ಇನ್ನೂ ಹಿಂದಿನ ಒಂದು ಸಂಗತಿ ಇದೆ. 1930ರ ದಶಕದಲ್ಲಿ ಅಮೆರಿಕದ ಗೃಹಸಾಲ ನಿಗಮ 200ಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿತು. ಸಾಲ ಕೊಡಬಹುದಾದ ಒಳ್ಳೆಯ ಬಡಾವಣೆಗೆ ಹಸಿರು ಬಣ್ಣ. ಅಪಾಯದ ಬಡಾವಣೆಗೆ ಕೆಂಪು ಬಣ್ಣ. ಕಪ್ಪು ಜನರು ಇದ್ದ ಓಣಿಗಳಿಗೆ ಸಾಮಾನ್ಯವಾಗಿ ಕೆಂಪು ಬಿತ್ತು. ಕೆಂಪು ಬಿದ್ದ ಕಡೆ ಸಾಲ ಸಿಗಲಿಲ್ಲ. ಮನೆಗಳು ಶಿಥಿಲವಾದವು. ಗಿಡಮರ, ಉದ್ಯಾನ ಬರಲಿಲ್ಲ. ಹೆದ್ದಾರಿ ಬಂತು, ಕಾರ್ಖಾನೆ ಬಂತು. 2020ರಲ್ಲಿ ವಿಜ್ಞಾನಿಗಳು ನೂರಕ್ಕೂ ಹೆಚ್ಚು ನಗರಗಳ ಬೇಸಿಗೆಯ ಬಿಸಿಯನ್ನು ಉಪಗ್ರಹದ ಮೂಲಕ ಅಳೆದರು. ಅಂದು ಕೆಂಪು ಬಳಿದ ಬಡಾವಣೆಗಳು ಇಂದಿಗೂ ಹಸಿರು ಬಳಿದ ಬಡಾವಣೆಗಳಿಗಿಂತ ಸರಾಸರಿ ಸುಮಾರು ಎರಡೂವರೆ ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿವೆ. ಆ ನಕ್ಷೆ ಮಾಡಿದವರು ಕಾಲವಾಗಿದ್ದಾರೆ. ಅದರ ಕಾವನ್ನು ಮೊಮ್ಮಕ್ಕಳು ತಡೆದುಕೊಳ್ಳುತ್ತಿದ್ದಾರೆ.

ಅಂದರೆ ಈ ತನಕ ಎರಡು ಸಂಗತಿ ತಿಳಿದವು. ಅನುಕೂಲ ಇದ್ದವರ ಕಡೆಗೆ ಹೋಗುತ್ತದೆ. ಹೊಗೆ, ಕಸ, ಬಿಸಿ ಇಲ್ಲದವರ ಕಡೆಗೆ ಬರುತ್ತವೆ. ಜನರನ್ನು ಹೊರಗಿಡಲು ನಕ್ಷೆ ಬಳಸಿದ್ದನ್ನೂ ಕೇಳಿದಿರಿ. ಜನರನ್ನು ಒಳಗೆ ತರಲು ನಕ್ಷೆಯನ್ನೇ ಬಳಸಿದ್ದನ್ನು ಈಗ ಹೇಳುತ್ತೇನೆ.

ನಮ್ಮ ಅನೇಕ ಕನ್ನಡ ಕುಟುಂಬಗಳೂ ನೆಲೆಸಿರುವ ಕ್ಯಾಲಿಫೋರ್ನಿಯಾ ರಾಜ್ಯದ ಮಾತು ಇದು. ಅಲ್ಲಿ ಇಂಗಾಲ ಹೊರಬಿಡುವ ಕಾರ್ಖಾನೆಗಳು ಅದಕ್ಕೆ ಪರವಾನಗಿ ಕೊಳ್ಳಬೇಕು. ಆ ಹರಾಜಿನ ಹಣ ಸರ್ಕಾರಕ್ಕೆ ಬರುತ್ತದೆ. 2012ರಲ್ಲಿ ಅಲ್ಲಿನ ಶಾಸನಸಭೆ ಕಾನೂನು ಮಾಡಿತು. ಈ ಹಣದ ಕಾಲು ಪಾಲು ಹಿಂದುಳಿದ, ಮಾಲಿನ್ಯಕ್ಕೆ ತುತ್ತಾದ ಬಡಾವಣೆಗಳ ಒಳಿತಿಗೆ ಬಳಕೆಯಾಗಬೇಕು. 2016ರಲ್ಲಿ ಅದನ್ನು ಬಿಗಿ ಮಾಡಿದರು. ಆ ಕಾಲು ಪಾಲು ಅಂಥ ಬಡಾವಣೆಗಳ ಒಳಗೇ ಖರ್ಚಾಗಬೇಕು. ಬಡ ಕುಟುಂಬಗಳಿಗೆ ಇನ್ನೂ ಶೇಕಡಾ 10 ಸೇರಬೇಕು.

ಸರಿ, ಅಂಥ ಬಡಾವಣೆ ಯಾವುದು? ಇದನ್ನು ಮಂತ್ರಿಗಳ, ಶಾಸಕರ ಇಷ್ಟಕ್ಕೆ ಬಿಡಲಿಲ್ಲ. ರಾಜ್ಯದ ಪರಿಸರ ಆರೋಗ್ಯ ಇಲಾಖೆ ಕ್ಯಾಲ್‌ಎನ್ವಿರೋಸ್ಕ್ರೀನ್ ಎಂಬ ಲೆಕ್ಕದ ಕ್ರಮವನ್ನು 2013ರಲ್ಲಿ ಹೊರತಂದಿತು. ಅದರಲ್ಲಿ ಮೂರು ವಿಚಾರ ನಾವು ಗಮನಿಸಬೇಕು.

ಒಂದನೆಯದು, ಅಳತೆಯ ತುಣುಕು. ಜಿಲ್ಲೆಯನ್ನೋ ಇಡೀ ನಗರವನ್ನೋ ಹಿಡಿದು ಅವರು ಅಳೆಯಲಿಲ್ಲ. 2014ರ ಪರಿಷ್ಕರಣೆಯಿಂದ ಜನಗಣತಿಗೆಂದು ಮಾಡಿದ ಸಣ್ಣ ವಿಭಾಗಗಳನ್ನು ತೆಗೆದುಕೊಂಡರು. ಒಂದೊಂದರಲ್ಲಿ ಸರಾಸರಿ ನಾಲ್ಕೈದು ಸಾವಿರ ಜನ. ರಾಜ್ಯದಲ್ಲಿ ಅಂಥ ಸುಮಾರು 8,000 ವಿಭಾಗಗಳು. ನಗರದ ಸರಾಸರಿ ಚೆನ್ನಾಗಿದ್ದರೂ ಬಂದರಿನ ಪಕ್ಕದ ಓಣಿಯ ಹೊಗೆ ಇಲ್ಲಿ ಮುಚ್ಚಿಹೋಗುವುದಿಲ್ಲ.

ಎರಡನೆಯದು, ಏನನ್ನು ಅಳೆಯಬೇಕು ಎಂಬುದು. 2021ರ ಪರಿಷ್ಕರಣೆಯ ಹೊತ್ತಿಗೆ 21 ಅಂಶಗಳಿದ್ದವು. ಗಾಳಿಯ ದೂಳು, ಡೀಸೆಲ್ ಹೊಗೆ, ವಾಹನ ದಟ್ಟಣೆ, ಕುಡಿಯುವ ನೀರಿನ ಕಲ್ಮಶ, ಹೊಲಕ್ಕೆ ಸಿಂಪಡಿಸುವ ಕೀಟನಾಶಕ, ಹತ್ತಿರದ ತ್ಯಾಜ್ಯದ ಗುಂಡಿ. ಇವು ಮಾಲಿನ್ಯದ ಕಡೆಯವು. ಇನ್ನು ಜನರ ಕಡೆಯವು. ಅಸ್ತಮಾ, ಹೃದಯದ ಕಾಯಿಲೆ, ತೂಕ ಕಡಿಮೆ ಇರುವ ನವಜಾತ ಶಿಶುಗಳು, ಬಡತನ, ನಿರುದ್ಯೋಗ, ಕಡಿಮೆ ಓದು, ಆದಾಯಕ್ಕೆ ಮೀರಿದ ಮನೆಬಾಡಿಗೆ. ಮನೆಯಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲವರು ಒಬ್ಬರೂ ಇಲ್ಲದಿರುವುದೂ ಒಂದು ಅಂಶ. ಕಾರ್ಖಾನೆಯಲ್ಲಿ ಅನಿಲ ಸೋರಿದಾಗ ಸರ್ಕಾರ ಹೊರಡಿಸುವ ಎಚ್ಚರಿಕೆ ಆ ಮನೆಗೆ ಅರ್ಥವಾಗುವುದಿಲ್ಲ. ಸಹಾಯದ ಅರ್ಜಿ ತುಂಬಲೂ ಆಗುವುದಿಲ್ಲ. ಅದಕ್ಕೆ ಅದೂ ಎಣಿಕೆಗೆ ಬಂತು.

ಮೂರನೆಯದು, ಲೆಕ್ಕ ಹಾಕುವ ರೀತಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಾಲಿನ್ಯಕ್ಕೆ 10 ಅಂಕ. ಜನರ ದುರ್ಬಲ ಸ್ಥಿತಿಗೆ 10 ಅಂಕ. ಎರಡನ್ನೂ ಕೂಡುವುದಿಲ್ಲ, ಗುಣಿಸುತ್ತಾರೆ. ಎರಡು ಬಡಾವಣೆ ಇವೆ ಎನ್ನಿ. ಎರಡರಲ್ಲೂ ಹೊಗೆ ಒಂದೇ ಸಮ, 8 ಅಂಕ. ಮೊದಲನೆಯದರಲ್ಲಿ ರೋಗಿಗಳು, ಬಡವರು, ಕೆಲಸವಿಲ್ಲದವರು ಹೆಚ್ಚು. ದುರ್ಬಲತೆಗೆ 9 ಅಂಕ. ಎರಡನೆಯದರಲ್ಲಿ ಆರೋಗ್ಯವಂತರು, ಉಳ್ಳವರು. ದುರ್ಬಲತೆಗೆ 2 ಅಂಕ. ಕೂಡಿದರೆ ಮೊದಲನೆಯದಕ್ಕೆ 17, ಎರಡನೆಯದಕ್ಕೆ 10. ಗುಣಿಸಿದರೆ ಮೊದಲನೆಯದಕ್ಕೆ 72, ಎರಡನೆಯದಕ್ಕೆ 16. ಹೊಗೆ ಒಂದೇ ಆದರೂ ಅದು ಹೊಕ್ಕ ಎದೆ ಒಂದೇ ಅಲ್ಲ. ವೈದ್ಯರ ಬಳಿ ಹೋಗಬಲ್ಲವನಿಗೆ ಅದು ಕೆಮ್ಮು. ಹೋಗಲಾರದವನಿಗೆ ಅದು ಆಯಸ್ಸಿನ ಪ್ರಶ್ನೆ. ಗುಣಾಕಾರ ಈ ಸತ್ಯವನ್ನು ಹಿಡಿಯುತ್ತದೆ.

ಹೀಗೆ ಅಂಕ ಬಂದ ಮೇಲೆ ಮೇಲಿನ ಕಾಲು ಭಾಗದ ಬಡಾವಣೆಗಳನ್ನು ಪಟ್ಟಿಗೆ ಸೇರಿಸುತ್ತಾರೆ. ಅಲ್ಲಿನ ಮೂಲನಿವಾಸಿಗಳ ನೆಲವನ್ನೂ 2022ರಲ್ಲಿ ಸೇರಿಸಿದರು. ಪಟ್ಟಿಯಿಂದ ಏನು ಉಪಯೋಗವಾಯಿತು? ಒಂದು ಉದಾಹರಣೆ ಕೊಡುತ್ತೇನೆ. ಈ ಬಡಾವಣೆಗಳ ಬಾಡಿಗೆದಾರರಿಗೆ, ತಾರಸಿ ಇಲ್ಲದವರಿಗೆ, ಬೇರೆಡೆ ಉತ್ಪಾದಿಸಿದ ಸೌರ ವಿದ್ಯುತ್ತನ್ನು ಅವರ ಹೆಸರಿಗೆ ಬರೆದು, ಬಿಲ್ಲಿನಲ್ಲಿ ಶೇಕಡಾ 20 ಕಡಿತ ಕೊಡುವ ಯೋಜನೆ ಅಲ್ಲಿದೆ. ಸೂರಿಲ್ಲದವನಿಗೂ ಸೂರ್ಯನ ಪಾಲು ಸಿಕ್ಕಿತು. ಅವನು ಪಟ್ಟಿಯಲ್ಲಿ ಇದ್ದದ್ದರಿಂದ ಸಿಕ್ಕಿತು.

ಕ್ಯಾಲಿಫೋರ್ನಿಯಾದಿಂದ ನಾವು ಕಲಿತದ್ದು ಮೂರು. ಸಣ್ಣ ತುಣುಕಿನಲ್ಲಿ ಅಳೆಯಬೇಕು. ಮಾಲಿನ್ಯವನ್ನೂ ಜನರ ಸ್ಥಿತಿಯನ್ನೂ ಒಟ್ಟಿಗೆ ನೋಡಬೇಕು. ಪಟ್ಟಿಗೂ ಹಣಕ್ಕೂ ಕಾನೂನಿನ ಗಂಟು ಹಾಕಬೇಕು. ಇನ್ನೊಂದು ಪ್ರಶ್ನೆ ಉಳಿಯಿತು. ಎಣಿಸುವವರು ಯಾರು? ಇದಕ್ಕೆ ನ್ಯೂಯಾರ್ಕ್ ರಾಜ್ಯಕ್ಕೆ ಹೋಗೋಣ.

ನ್ಯೂಯಾರ್ಕ್ ನಗರದಲ್ಲಿ ದಕ್ಷಿಣ ಬ್ರಾಂಕ್ಸ್ ಎಂಬ ಭಾಗವಿದೆ. ಸುತ್ತ ಹೆದ್ದಾರಿಗಳು. ನಗರಕ್ಕೆಲ್ಲ ತರಕಾರಿ, ಮಾಂಸ, ಮೀನು ಸರಬರಾಜು ಮಾಡುವ ದೊಡ್ಡ ಮಂಡಿ ಅಲ್ಲಿದೆ. ಹಗಲೂ ರಾತ್ರಿ ಲಾರಿಗಳು. ಜೊತೆಗೆ 2001ರಲ್ಲಿ ಹಾಕಿದ, ಅನಿಲ ಸುಟ್ಟು ಕರೆಂಟು ತೆಗೆಯುವ ಘಟಕಗಳು. ಇವು ಬೇಡಿಕೆ ಏರಿದಾಗ ಓಡುವ ಘಟಕಗಳು. ಬಿರುಬೇಸಿಗೆಯಲ್ಲಿ ನಗರದ ತುಂಬ ಏಸಿ ಚಾಲೂ ಆದಾಗ ಇವೂ ಚಾಲೂ ಆಗುತ್ತವೆ. ತಂಪು ಅತ್ತ, ಹೊಗೆ ಇತ್ತ. ಇಲ್ಲಿನ ಮಕ್ಕಳಲ್ಲಿ ಅಸ್ತಮಾ ನಗರದ ಸರಾಸರಿಗಿಂತ ಬಹಳ ಹೆಚ್ಚು.

2019ರಲ್ಲಿ ನ್ಯೂಯಾರ್ಕ್ ರಾಜ್ಯ ಹವಾಮಾನ ಕಾನೂನು ಮಾಡಿತು. 2040ರ ಹೊತ್ತಿಗೆ ಇಂಗಾಲ ಬಿಡದ ಕರೆಂಟು ಮಾತ್ರ ಎಂಬುದು ಅದರ ಗುರಿ. ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ. ಶುದ್ಧ ಇಂಧನಕ್ಕೆ ಹಾಕುವ ಹಣದ ಪ್ರಯೋಜನದಲ್ಲಿ ಕನಿಷ್ಠ ಶೇಕಡಾ 35, ಸಾಧ್ಯವಾದರೆ 40, ಹಿಂದುಳಿದ ಸಮುದಾಯಗಳಿಗೆ ಸಲ್ಲಬೇಕು. ಆ ಸಮುದಾಯ ಯಾವುವು ಎಂದು ತೀರ್ಮಾನಿಸಲು ಒಂದು ಹವಾಮಾನ ನ್ಯಾಯ ಸಮಿತಿ ರಚಿಸಿದರು. ಅದರಲ್ಲಿ ಅಧಿಕಾರಿಗಳಷ್ಟೇ ಕೂರಲಿಲ್ಲ. ನ್ಯೂಯಾರ್ಕ್ ನಗರದ ಬಡಾವಣೆಗಳಿಂದ, ಬೇರೆ ಪಟ್ಟಣಗಳಿಂದ, ಹಳ್ಳಿಗಳಿಂದ ಪ್ರತಿನಿಧಿಗಳು ಬಂದು ಕುಳಿತರು. ಕರಡು ಪಟ್ಟಿಯನ್ನು ಜನರ ಮುಂದಿಟ್ಟರು. ಸಭೆ ನಡೆಸಿ ಅಹವಾಲು ಕೇಳಿದರು. 2023ರ ಮಾರ್ಚ್‌ನಲ್ಲಿ ಅಂತಿಮ ಮಾಡಿದರು.

ಒಟ್ಟು 45 ಅಂಶಗಳು. ವಿದ್ಯುತ್ ಘಟಕ ಎಷ್ಟು ಹತ್ತಿರ, ಪ್ರವಾಹದ ಭಯ ಎಷ್ಟು, ಬಿಸಿಲ ತಾಪ ಎಷ್ಟು, ಸಂಬಳದಲ್ಲಿ ಕರೆಂಟು ಬಿಲ್ಲಿಗೆ ಎಷ್ಟು ಹೋಗುತ್ತದೆ, ಹಿಂದೆ ಕೆಂಪು ಬಣ್ಣ ಬಳಿದಿದ್ದರೇ. ಹೌದು, 1930ರ ದಶಕದ ಆ ನಕ್ಷೆಯನ್ನೂ ಲೆಕ್ಕಕ್ಕೆ ತಂದರು. ಆಗ ಮಾಡಿದ ಅನ್ಯಾಯವೇ ಈಗ ಪಾಲು ಕೇಳುವ ಆಧಾರವಾಯಿತು. ಸುಮಾರು 1,700 ವಿಭಾಗಗಳು ಪಟ್ಟಿಗೆ ಬಂದವು. ಪಟ್ಟಿಯ ಹೊರಗಿನ ಬಡಾವಣೆಯಲ್ಲಿದ್ದರೂ ಮನೆ ಬಡವಾಗಿದ್ದರೆ ಹಣ ಹಂಚುವಾಗ ಅದನ್ನೂ ಪರಿಗಣಿಸಬೇಕು ಎಂದು ಸೇರಿಸಿದರು. ವರ್ಷಕ್ಕೊಮ್ಮೆಯಾದರೂ ಸಮಿತಿ ಕೂತು ಇದನ್ನು ಮರುಪರಿಶೀಲಿಸಬೇಕು ಎಂದು ಕಾನೂನಿನಲ್ಲೇ ಬರೆದರು.

ಕ್ಯಾಲಿಫೋರ್ನಿಯಾ ಅಳೆಯುವುದನ್ನು ಕಲಿಸಿತು. ನ್ಯೂಯಾರ್ಕ್ ಜನರನ್ನು ಕೂರಿಸಿಕೊಂಡು ಅಳೆಯುವುದನ್ನು ಕಲಿಸಿತು. ಹಾಗಾದರೆ ಈ ಪಟ್ಟಿಗಳಲ್ಲಿ ಕೊರತೆ ಇಲ್ಲವೇ? ಇದೆ. ಅದನ್ನೂ ಹೇಳಲೇಬೇಕು.

ಮೊದಲನೆಯ ಕೊರತೆ ಅಂಚಿನದು. ಒಂದು ಅಂಕ ಕಡಿಮೆಯಾದ ಬಡಾವಣೆ ಹೊರಗೆ ಬೀಳುತ್ತದೆ. ಬೀದಿಯ ಈ ಕಡೆಯವರಿಗೆ ಸಿಕ್ಕಿದ್ದು ಆ ಕಡೆಯವರಿಗೆ ಸಿಗುವುದಿಲ್ಲ. ಎರಡನೆಯದು, ಅಳೆಯದೇ ಬಿಟ್ಟದ್ದು. ಗಾಳಿ ಅಳೆಯುವ ಯಂತ್ರ ಇಲ್ಲದ ಹಳ್ಳಿಯ ಗಾಳಿ ಕಾಗದದ ಮೇಲೆ ಶುದ್ಧವಾಗಿಯೇ ಕಾಣುತ್ತದೆ. ಕ್ಯಾಲಿಫೋರ್ನಿಯಾದ ಮೊದಲ ಪಟ್ಟಿಯಲ್ಲಿ ಮನೆಬಾಡಿಗೆಯ ಹೊರೆ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನ ಬಡವರಿಗೆ ಇದರಿಂದ ಅನ್ಯಾಯವೆಂದು ದೂರು ಬಂತು. 2017ರಲ್ಲಿ ಅದನ್ನು ಸೇರಿಸಿದರು. ಹಳೆಯ ಮನೆಗಳ ಬಣ್ಣದಲ್ಲಿರುವ ಸೀಸದಿಂದ ಮಕ್ಕಳಿಗಾಗುವ ಅಪಾಯವನ್ನು 2021ರಲ್ಲಿ ಸೇರಿಸಿದರು. ಪಟ್ಟಿ ಒಮ್ಮೆ ಬರೆದು ಮುಗಿಸುವಂಥದ್ದಲ್ಲ.

ಮೂರನೆಯದು ಬಹಳ ಮುಖ್ಯ. 2021ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಜೋ ಬೈಡನ್ ಇಡೀ ದೇಶಕ್ಕೆ ಇಂಥದೇ ನೀತಿ ಪ್ರಕಟಿಸಿದರು. ಹವಾಮಾನ ಯೋಜನೆಗಳ ಪ್ರಯೋಜನದಲ್ಲಿ ಶೇಕಡಾ 40 ಹಿಂದುಳಿದ ಸಮುದಾಯಗಳಿಗೆ ಎಂದರು. ದೇಶದಲ್ಲಿ ಸುಮಾರು 27,000 ವಿಭಾಗಗಳನ್ನು ಗುರುತಿಸಿದ ನಕ್ಷೆ ಬಂತು. ಆದರೆ ಅದು ಅಧ್ಯಕ್ಷರ ಆದೇಶವಾಗಿತ್ತು. ಸಂಸತ್ತು ಮಾಡಿದ ಕಾನೂನಾಗಿರಲಿಲ್ಲ. 2025ರ ಜನವರಿಯಲ್ಲಿ ಹೊಸ ಅಧ್ಯಕ್ಷರು ಒಂದು ಸಹಿಯಿಂದ ಅದನ್ನು ರದ್ದು ಮಾಡಿದರು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ರಾಜ್ಯಗಳ ಪಟ್ಟಿಗಳು ಆ ಸಹಿಯಿಂದ ಅಳಿಯಲಿಲ್ಲ. ಅವು ಶಾಸನಸಭೆಯ ಕಾನೂನಿನ ಮೇಲೆ ನಿಂತಿದ್ದವು. ಬಡವರ ಪಾಲು ಆದೇಶದಲ್ಲಿದ್ದರೆ ಸಾಲದು, ಶಾಸನದಲ್ಲಿರಬೇಕು.

ಇದಿಷ್ಟು ಹೊರನಾಡಿನ ಮಾತು. ಈಗ ನಮ್ಮ ನಾಡಿಗೆ ಬರೋಣ.

ಹಿಂದುಳಿದವರನ್ನು ಗುರುತಿಸುವ ಕೆಲಸ ಕರ್ನಾಟಕಕ್ಕೆ ಹೊಸತೇನಲ್ಲ. 1970ರ ದಶಕದಲ್ಲಿ ಹಾವನೂರು ಆಯೋಗ ಸಾಮಾಜಿಕವಾಗಿ ಹಿಂದುಳಿದ ವರ್ಗಗಳನ್ನು ಗುರುತಿಸಿತು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮಾನತೆಯ ವರದಿ ಕೊಟ್ಟಿತು. ಆ ಸಮಿತಿ ಜಿಲ್ಲೆಯ ಸರಾಸರಿಗೆ ನಿಲ್ಲಲಿಲ್ಲ. ಅಂದಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆಯಿತು. ಕೃಷಿ, ರಸ್ತೆ, ಬ್ಯಾಂಕು, ಶಾಲೆ, ಆಸ್ಪತ್ರೆ, ಹೀಗೆ 35 ಅಂಶಗಳನ್ನು ನೋಡಿತು. 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ ಅರ್ಧಕ್ಕೂ ಹೆಚ್ಚು ಅಂದಿನ ಗುಲ್ಬರ್ಗ ವಿಭಾಗದಲ್ಲಿದ್ದವು. ಆ ವರದಿಯಿಂದ ವಿಶೇಷ ಅಭಿವೃದ್ಧಿ ಯೋಜನೆ ಬಂತು, ಬಜೆಟ್ಟಿನಲ್ಲಿ ಹಣ ಬಂತು. ಕ್ಯಾಲಿಫೋರ್ನಿಯಾದ ಕಾನೂನಿಗೆ ಹತ್ತು ವರ್ಷ ಮೊದಲೇ ನಮ್ಮಲ್ಲಿ ಈ ವಿದ್ಯೆ ಇತ್ತು. ಅದನ್ನು ಹವಾಮಾನಕ್ಕೆ, ಶುದ್ಧ ಇಂಧನಕ್ಕೆ ಅನ್ವಯಿಸುವ ಕೆಲಸ ಬಾಕಿ ಇದೆ.

ಏಕೆ ಬಾಕಿ ಇದೆ ಎನ್ನುತ್ತೇನೆ? ಪಾವಗಡ ನೋಡಿ. ತುಮಕೂರು ಜಿಲ್ಲೆಯ ಬರದ ಸೀಮೆ. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರ ಪಾರ್ಕು ಇದೆ. 2018ರಲ್ಲಿ ಉದ್ಘಾಟನೆಯಾಯಿತು. ಸಾಮರ್ಥ್ಯ 2,050 ಮೆಗಾವಾಟ್. ದೇಶದ ದೊಡ್ಡ ಸೌರ ಪಾರ್ಕುಗಳಲ್ಲಿ ಒಂದು. ಇಲ್ಲಿ ಸರ್ಕಾರ ಒಂದು ಒಳ್ಳೆಯ ದಾರಿ ಹಿಡಿಯಿತು. ರೈತರ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ. ಗುತ್ತಿಗೆಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಕಾಲಕಾಲಕ್ಕೆ ಏರಿಕೆ. ಮಳೆ ಕೈಕೊಟ್ಟ ವರ್ಷವೂ ಹಣ ಬರುತ್ತದೆ. ಹೆಚ್ಚು ಜಮೀನು ಇದ್ದವರಿಗೆ ಇದು ನಿಜವಾದ ಆಸರೆಯಾಯಿತು.

ಆದರೆ ಆ ಹೊಲಗಳಲ್ಲಿ ಕಡಲೆಕಾಯಿ ಬಿತ್ತುತ್ತಿದ್ದವರು, ಕಳೆ ತೆಗೆಯುತ್ತಿದ್ದವರು, ಗಿಡ ಕಿತ್ತು ಕಾಯಿ ಬಿಡಿಸುತ್ತಿದ್ದವರು ಬೇರೆ. ಅವರು ಕೂಲಿಯವರು. ಅವರ ಹೆಸರಲ್ಲಿ ಪಹಣಿ ಇಲ್ಲ. ಪಹಣಿ ಇಲ್ಲದ ಮೇಲೆ ಗುತ್ತಿಗೆ ಹಣವೂ ಇಲ್ಲ. ಬಿತ್ತನೆ ನಿಂತ ಮೇಲೆ ಅವರ ಕೂಲಿಯೂ ನಿಂತಿತು. ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಅಡ್ಡ ಬಂತು. ಕೆಲವರಿಗೆ ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಸಿಕ್ಕಿತು. ಎಲ್ಲರಿಗೂ ಸಿಗಲಿಲ್ಲ. ನಮ್ಮಲ್ಲಿ ಭೂಮಿ ಇಲ್ಲದವರ ಪ್ರಮಾಣ ದಲಿತರಲ್ಲಿ ಹೆಚ್ಚು ಎಂಬುದನ್ನು ಇಲ್ಲಿ ನೆನೆಯಬೇಕು. ಯೋಜನೆಗೆ ಮೊದಲೇ ಭೂರಹಿತರ, ಕುರಿಗಾಹಿಗಳ ಪಟ್ಟಿ ಮಾಡಿ, ಅವರಿಗೂ ವರ್ಷಕ್ಕಿಷ್ಟು ಎಂದು ತೆಗೆದಿಟ್ಟಿದ್ದರೆ ಆಗುತ್ತಿತ್ತು. ಜಮೀನು ಇದ್ದವರನ್ನು ಕಂದಾಯ ದಾಖಲೆ ಗುರುತಿಸಿತು. ಇಲ್ಲದವರನ್ನು ಅದು ಗುರುತಿಸಲಿಲ್ಲ.

ಬೆಂಗಳೂರಿಗೆ ಬನ್ನಿ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದ ಕುಟುಂಬಗಳು ಖಾಲಿ ನಿವೇಶನಗಳಲ್ಲಿ ನೀಲಿ ಟಾರ್ಪಾಲಿನ ಶೆಡ್ಡು ಹಾಕಿಕೊಂಡಿವೆ. ನಗರದ ಮನೆಗಳನ್ನು ಕಟ್ಟಿದವರು ಅವರೇ. 2023ರಿಂದ ನಮ್ಮಲ್ಲಿ ಗೃಹಜ್ಯೋತಿ ಯೋಜನೆ ಇದೆ. ತಿಂಗಳಿಗೆ 200 ಯೂನಿಟ್‌ವರೆಗೆ ಕರೆಂಟು ಉಚಿತ. ಆ ಸೌಲಭ್ಯ ಮೀಟರಿನ ಆರ್‌ಆರ್ ನಂಬರಿಗೆ ಸಿಗುತ್ತದೆ. ಶೆಡ್ಡಿಗೆ ಆರ್‌ಆರ್ ನಂಬರ್ ಎಲ್ಲಿಂದ ಬರಬೇಕು? ಬಿಸಿಲಿಗೆ ಕಾದ ಟಾರ್ಪಾಲಿನ ಕೆಳಗೆ ಕೂಸುಗಳು ಮಲಗಿರುತ್ತವೆ. ಮಳೆ ಬಂದಾಗ ಎಲ್ಲಕ್ಕಿಂತ ಮೊದಲು ನೀರು ನುಗ್ಗುವುದೂ ಅಲ್ಲಿಗೇ.

ಇನ್ನು ಬಿಸಿಲ ಮಾತು. ಕಲಬುರಗಿ ವಿಭಾಗ, ವಿಜಯಪುರ, ಬಾಗಲಕೋಟೆಯಲ್ಲಿ ಬೇಸಿಗೆ ಬಂತೆಂದರೆ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಇದು ಸರಿಯಾದ ಕ್ರಮ. ಆ ಸೀಮೆಯ ಬಿಸಿಲು ಮನುಷ್ಯರು ತಡೆಯುವಂಥದ್ದಲ್ಲ ಎಂದು ಸರ್ಕಾರ ಒಪ್ಪಿದ್ದರಿಂದ ಬಂದ ಕ್ರಮ. ಗುರುತಿಸಿದ ಕೂಡಲೇ ಪರಿಹಾರ ಸಾಧ್ಯ ಎಂಬುದಕ್ಕೆ ಇದೇ ಸಾಕ್ಷಿ. ಅದೇ ಬಿಸಿಲಲ್ಲಿ ಹತ್ತಿ ಹೊಲದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ, ಕಲ್ಲಿನ ಗಣಿಯಲ್ಲಿ ದುಡಿಯುವವರನ್ನೂ ಗುರುತಿಸಿದರೆ ಅವರಿಗೂ ನೆರಳು, ನೀರು, ವಿರಾಮದ ವೇಳೆ ಕಡ್ಡಾಯವಾಗಿ ಕೊಡಬಹುದು.

ಕೇಳುಗರೇ, ಹೇಳಿದ್ದನ್ನು ಕೊನೆಯದಾಗಿ ಒಟ್ಟುಗೂಡಿಸುತ್ತೇನೆ. ನಮ್ಮ ರಾಜ್ಯಕ್ಕೆ ಒಂದು ಹವಾಮಾನ ನ್ಯಾಯದ ಪಟ್ಟಿ ಬೇಕು. ಅದು ತಾಲ್ಲೂಕಿಗೂ ಕೆಳಗೆ, ಗ್ರಾಮ ಪಂಚಾಯಿತಿ ಮತ್ತು ನಗರದ ವಾರ್ಡಿನ ಮಟ್ಟದಲ್ಲಿ ಇರಬೇಕು. ಬರ, ಬಿಸಿಲು, ನೆರೆ, ಹೊಗೆ ಒಂದು ಕಡೆ. ಭೂಮಿ, ಸೂರು, ಆರೋಗ್ಯ, ಜಾತಿ, ವಲಸೆ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ನೋಡಬೇಕು. ಆ ಪಟ್ಟಿ ಮಾಡುವಾಗ ಕೂಲಿಯವರು, ಕುರಿಗಾಹಿಗಳು, ಶೆಡ್ಡಿನಲ್ಲಿರುವವರು ಸಭೆಯಲ್ಲಿ ಕೂತಿರಬೇಕು. ಶುದ್ಧ ಇಂಧನದ ಹಣದಲ್ಲಿ ಇಷ್ಟು ಪಾಲು ಪಟ್ಟಿಯಲ್ಲಿರುವವರಿಗೆ ಎಂದು ವಿಧಾನಮಂಡಲ ಕಾನೂನು ಮಾಡಬೇಕು. ಕೆಲವು ವರ್ಷಕ್ಕೊಮ್ಮೆ ಪಟ್ಟಿಯನ್ನು ತಿದ್ದಬೇಕು.

ಇದು ಸರ್ಕಾರದ ಕೆಲಸವಾಯಿತು. ನಿಮ್ಮದೂ ಒಂದು ಕೆಲಸವಿದೆ. ನಿಮ್ಮ ಊರಿಗೆ ಸೋಲಾರ್ ಬರಲಿ, ಗಾಳಿಯಂತ್ರ ಬರಲಿ, ಹೈಟೆನ್ಷನ್ ಕರೆಂಟಿನ ಗೋಪುರ ಬರಲಿ. ಸ್ವಾಗತಿಸಿ. ಆದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದು ಮಾತು ಕೇಳಿ. ಜಮೀನು ಇದ್ದವರ ಪಟ್ಟಿ ತಂದಿದ್ದೀರಿ, ಇಲ್ಲದವರ ಪಟ್ಟಿ ಎಲ್ಲಿ? ಅದು ಇಲ್ಲವಾದರೆ ಅಲ್ಲೇ ಬರೆಸಿ, ನಡಾವಳಿಯಲ್ಲಿ ದಾಖಲಿಸಿ, ಆಮೇಲೆ ಒಪ್ಪಿಗೆ ಕೊಡಿ.